ಮನೆಯಲ್ಲೇ ಕಲಿಸುವ ಮುನ್ನ: ಇಬ್ಬರು ಮಕ್ಕಳು, ಒಬ್ಬನಿಗೆ ಆಟಿಸಂ

ಹೋಮ್‌ಸ್ಕೂಲಿಂಗ್ ಶುರು ಮಾಡಿದ ಮೊದಲ ದಿನ ನಾನು ಗಂಟೆ ಬಾರಿಸಿದೆ. ಕೈಯಲ್ಲಿ ಹಿಡಿದು ಅಲ್ಲಾಡಿಸುವ ಸಣ್ಣ ಹಿತ್ತಾಳೆ ಗಂಟೆ. ಶಾಲೆ ಅಂದ ಮೇಲೆ ಗಂಟೆ ಇರಬೇಕು ಅಲ್ವಾ ಅನ್ನೋದು ನನ್ನ ಲೆಕ್ಕ. ಆರು ವರ್ಷದ ದೊಡ್ಡವನು ಎರಡೂ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ನುಗ್ಗಿದ. ನಾಲ್ಕು ವರ್ಷದ ಚಿಕ್ಕವಳು ಕುಣಿದಾಡಿ, "ಅಮ್ಮಾ, ಇನ್ನೊಂದ್ಸಲ!" ಅಂದಳು. ಅವನು ಮೇಜಿನ ಕೆಳಗಿಂದ ಹೊರಗೆ ಬರೋಕೆ ನಲವತ್ತು ನಿಮಿಷ ಹಿಡಿಯಿತು. ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯ ಪ್ರಕಾರ ಅಷ್ಟು ಹೊತ್ತಿಗೆ ಅಕ್ಷರ ಮುಗಿದು ಲೆಕ್ಕ ಶುರುವಾಗಿರಬೇಕಿತ್ತು.

ದೊಡ್ಡವನಿಗೆ ಆಟಿಸಂ ಇದೆ, ಅಂದರೆ ಸುತ್ತಲಿನ ಸದ್ದು, ಮಾತು, ಜನರನ್ನು ಗ್ರಹಿಸುವ ರೀತಿಯೇ ಹುಟ್ಟಿನಿಂದ ಬೇರೆ. ಚಿಕ್ಕವಳಿಗೆ ಇಲ್ಲ, ಈವರೆಗೆ ಕಂಡಂತೆ. ಒಂದೇ ಸದ್ದು ಒಬ್ಬನಿಗೆ ಏಟು, ಇನ್ನೊಬ್ಬಳಿಗೆ ಆಟ. ಇಂಥ ಇಬ್ಬರನ್ನು ಒಂದೇ ಮನೆಯಲ್ಲಿ ಕೂರಿಸಿಕೊಂಡು ಕಲಿಸೋಕೆ ಹೊರಟವರು ಪುಸ್ತಕದ ಪಟ್ಟಿ ಮಾಡುವ ಮೊದಲು ಎರಡು ಕೆಲಸ ಮಾಡಬೇಕು. ಮಕ್ಕಳನ್ನು ನೋಡಬೇಕು, ಮನೆಯನ್ನು ನೋಡಬೇಕು. ನಾನು ಉಲ್ಟಾ ಮಾಡಿದೆ. ಮೊದಲು ಸಾಮಾನು ತಂದೆ, ಆಮೇಲೆ ಮಕ್ಕಳ ಕಡೆ ನೋಡಿದೆ.

ಕಾಗದದ ಕೆಲಸದ ಮಾತು ಮೊದಲೇ ಮುಗಿಸಿಬಿಡೋಣ. ಮನೆಯಲ್ಲಿ ಕಲಿಸಬಹುದಾ ಅನ್ನುವುದಕ್ಕೆ ದೇಶಕ್ಕೊಂದು ಉತ್ತರ. ಜರ್ಮನಿಯಲ್ಲಿ ಮಗು ಶಾಲೆಗೇ ಹೋಗಬೇಕು, ಮನೆಯಲ್ಲಿ ಕಲಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆ ಮಗುವಿನ ಓದಿನ ಹೊಣೆಯನ್ನು ಹೆತ್ತವರ ಮೇಲೆ ಹಾಕುತ್ತದೆ, ಅದು ಶಾಲೆಯಲ್ಲೇ ಆಗಬೇಕು ಅನ್ನುವುದಿಲ್ಲ. ಅಮೆರಿಕದ 50 ರಾಜ್ಯಗಳಲ್ಲೂ ಅವಕಾಶ ಇದೆ, ನಿಯಮ ಮಾತ್ರ ಒಂದೊಂದು ಕಡೆ ಒಂದೊಂದು ಥರ. ನೀವು ಎಲ್ಲೇ ಇರಿ, ಶಾಲೆ ಬಿಡಿಸುವ ಮೊದಲು ಮೂರು ವಿಷಯ ಕೇಳಿ. ಎಲ್ಲಾದರೂ ಹೆಸರು ನೋಂದಾಯಿಸಬೇಕಾ? ಮುಂದೆ ಪರೀಕ್ಷೆ ಬರೆಯೋಕೆ, ಶಾಲೆಗೆ ಮರಳೋಕೆ ದಾರಿ ಇದೆಯಾ? ಶಾಲೆಯ ಮೂಲಕ ಸಿಗುತ್ತಿರುವ ಥೆರಪಿ, ನೆರವು ನಿಂತುಹೋಗುತ್ತಾ? ಮೂರನೆಯದನ್ನು ಕೇಳೋಕೆ ಬಹಳ ಜನ ಮರೆಯುತ್ತಾರೆ. ಉತ್ತರ ಬರಹದಲ್ಲಿ ಇದ್ದರೆ ಒಳ್ಳೆಯದು.

ಒಂದು ನೋಟ್‌ಬುಕ್, ಮೂರು ವಾರ

ಶಾಲೆಯಿಂದ ಬಿಡಿಸಿ ತಂದ ಮಗುವಾದರೆ ಮರುದಿನವೇ ಪಾಠ ಶುರು ಮಾಡಬೇಡಿ. ಗದ್ದಲದ ತರಗತಿಯಲ್ಲಿ ದಿನವಿಡೀ ಹಲ್ಲು ಕಚ್ಚಿ ಕೂತಿದ್ದ ಮಗುವಿಗೆ ಸುಧಾರಿಸಿಕೊಳ್ಳೋಕೆ ಸಮಯ ಬೇಕು. ಹೋಮ್‌ಸ್ಕೂಲಿಂಗ್ ಮಾಡುವವರು ಈ ಬಿಡುವನ್ನು ಡಿಸ್ಕೂಲಿಂಗ್ ಅಂತಾರೆ. ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೆ ಒಂದೊಂದು ತಿಂಗಳು ಅನ್ನುವ ಲೆಕ್ಕವೂ ಇದೆ. ಅದು ಬಾಯಿಂದ ಬಾಯಿಗೆ ಬಂದ ಮಾತು, ಯಾರೋ ಅಳೆದು ಹೇಳಿದ್ದಲ್ಲ. ನಿಮ್ಮ ಮಗು ತಾನಾಗಿ ಏನಾದರೂ ಕೇಳೋಕೆ, ಕೆದಕೋಕೆ ಶುರು ಮಾಡಿದರೆ ಬಿಡುವು ಸಾಕಾಯಿತು ಅಂತ ಅರ್ಥ.

ಬಿಡುವು ಮಗುವಿಗೆ. ನಿಮಗೆ ಕೆಲಸ ಇದೆ, ಮೂರು ವಾರ ಬರೆದಿಡೋದು. ಹೊತ್ತು ಎಷ್ಟು, ಸುತ್ತ ಏನು ನಡೆಯುತ್ತಿತ್ತು, ಮಗು ಏನು ಮಾಡಿತು, ಮತ್ತೆ ಸರಿಯಾಗೋಕೆ ಎಷ್ಟು ಹೊತ್ತು ಬೇಕಾಯಿತು. ನಾಲ್ಕು ಕಾಲಂ ಸಾಕು. ನಮ್ಮ ನೋಟ್‌ಬುಕ್ಕಿನಲ್ಲಿ ಎರಡನೇ ವಾರಕ್ಕೇ ಒಂದು ವಿಷಯ ಕಣ್ಣಿಗೆ ಬಿತ್ತು. ಬೆಳಿಗ್ಗೆ ಹತ್ತೂಕಾಲರ ಸುಮಾರಿಗೆ, ಹೆಚ್ಚುಕಡಿಮೆ ದಿನಾ, ಅವನು ಕೈಯಲ್ಲಿದ್ದ ಮಣಿ ಚೆಲ್ಲಿ ಎದ್ದು ಓಡುತ್ತಿದ್ದ. ಮಣಿ ಎಣಿಸುವ ಹೊತ್ತು ಅದು. ಇವನಿಗೆ ಲೆಕ್ಕ ಆಗಿಬರಲ್ಲ ಅಂತ ನಾನು ಆಗಲೇ ತೀರ್ಮಾನ ಮಾಡಿದ್ದೆ. ಎರಡನೇ ಕಾಲಂ ಓದಿದರೆ ಪ್ರತಿಸಲವೂ ಒಂದೇ ಮಾತು: ವಾಷಿಂಗ್ ಮಷಿನ್ ಜೋರಾಗಿ ತಿರುಗುತ್ತಿತ್ತು. ಬಟ್ಟೆ ಒಗೆಯೋದನ್ನು ಸಂಜೆಗೆ ಹಾಕಿದೆ. ಲೆಕ್ಕ ಹತ್ತೂಕಾಲಕ್ಕೇ ಉಳಿಯಿತು, ಅವನೂ ಉಳಿದ.

1943ರಲ್ಲಿ ಲಿಯೋ ಕ್ಯಾನರ್ ಅನ್ನುವ ವೈದ್ಯರು 11 ಮಕ್ಕಳನ್ನು ಗಮನಿಸಿ ಆಟಿಸಂ ಬಗ್ಗೆ ಮೊದಮೊದಲ ಲೇಖನಗಳಲ್ಲಿ ಒಂದನ್ನು ಬರೆದರು. ಎಲ್ಲವೂ ಇದ್ದ ಹಾಗೇ ಇರಬೇಕೆಂಬ ಹಂಬಲ, ದೊಡ್ಡ ಸದ್ದಿಗೆ ಬೆಚ್ಚುವುದು ಎರಡೂ ಅದರಲ್ಲೇ ಇವೆ. ಆದರೆ ಅಮೆರಿಕದ ಮನೋವೈದ್ಯರ ಕೈಪಿಡಿಯ ಲಕ್ಷಣಪಟ್ಟಿಯಲ್ಲಿ ಕಣ್ಣು, ಕಿವಿ, ಚರ್ಮದ ಈ ಸೂಕ್ಷ್ಮಕ್ಕೆ ಪ್ರತ್ಯೇಕ ಜಾಗ ಸಿಕ್ಕಿದ್ದು 2013ರಲ್ಲಿ. ನಡುವೆ ಬಹಳ ವರ್ಷ ತಾಯಿಗೆ ಮಮತೆ ಕಡಿಮೆಯಾಗಿ ಹೀಗಾಯಿತು ಅಂತ ಬೈದದ್ದೇ ಬಂತು. ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಅದನ್ನು ಗಟ್ಟಿಯಾಗಿ ಅಲ್ಲಗಳೆದರು. ಅವರ ಮಗನಿಗೂ ಆಟಿಸಂ ಇತ್ತು. ಈಗಲೂ ಯಾರಾದರೂ ನೆಂಟರು ಆ ಹಳೇ ಮಾತು ಎತ್ತಿದರೆ ನಾನು ಈ ಇಸವಿ ಹೇಳಿ ಸುಮ್ಮನಾಗುತ್ತೇನೆ.

ಈ ಸೂಕ್ಷ್ಮ ಎರಡೂ ಕಡೆ ವಾಲುತ್ತದೆ. ಕೆಲವು ಸದ್ದು, ಬೆಳಕು, ಬಟ್ಟೆಯ ಲೇಬಲ್ ಜಾಸ್ತಿಯೇ ಚುಚ್ಚುತ್ತವೆ. ಕೆಲವು ವಿಷಯ ಎಷ್ಟಿದ್ದರೂ ಸಾಲುವುದಿಲ್ಲ. ಮಗು ಸೋಫಾದಿಂದ ಹಾರುತ್ತದೆ, ಗೋಡೆಗೆ ಒತ್ತಿಕೊಳ್ಳುತ್ತದೆ, ಕುರ್ಚಿಯಲ್ಲೇ ತೂಗುತ್ತದೆ. ದೇಹ ತನಗೆ ಬೇಕಾದ್ದನ್ನು ಹುಡುಕುತ್ತಿದೆ ಅಷ್ಟೇ. ಕುಳಿತು ಮಾಡುವ ಕೆಲಸಕ್ಕೆ ಮೊದಲು ಹತ್ತು ನಿಮಿಷ ತಳ್ಳುವುದು, ಎಳೆಯುವುದು, ಭಾರದ ಬುಟ್ಟಿ ಹೊರುವುದು ಮಾಡಿಸಿದರೆ ಕೆಲವು ಮಕ್ಕಳು ಆಮೇಲೆ ಆರಾಮಾಗಿ ಕೂರುತ್ತಾರೆ. ನಮ್ಮವನು ಪುಸ್ತಕ ತುಂಬಿದ ಡಬ್ಬ ತಳ್ಳುತ್ತಾನೆ. ಇನ್ನೊಂದು ತಮಾಷೆ ಆಮೇಲೆ ಗೊತ್ತಾಯಿತು. ಅದೇ ಗಂಟೆಯನ್ನು ಅವನೇ ಬಾರಿಸಿದರೆ ಏನೂ ತೊಂದರೆ ಇಲ್ಲ. ಸದ್ದು ಯಾವಾಗ ಬರುತ್ತದೆ ಅಂತ ತನಗೇ ಗೊತ್ತಿರುತ್ತದಲ್ಲ.

ಎಂಟರ ಓದು, ಮೂರರ ಗುಂಡಿ

ಯಾವ ತರಗತಿಯ ಪುಸ್ತಕ ತರಬೇಕು? ಎಲ್ಲರೂ ಕೇಳುವ ಪ್ರಶ್ನೆ. ಆಟಿಸಂ ಇರುವ ಮಗುವಿಗೆ ಇದಕ್ಕೆ ಒಂದೇ ಉತ್ತರ ಇರುವುದಿಲ್ಲ. ಓದಿನಲ್ಲಿ ಎಂಟು ವರ್ಷದವನ ಹಾಗೆ, ಅಂಗಿ ಗುಂಡಿ ಹಾಕಿಕೊಳ್ಳುವುದರಲ್ಲಿ ಮೂರು ವರ್ಷದವನ ಹಾಗೆ, ಲೆಕ್ಕದಲ್ಲಿ ವಯಸ್ಸಿಗೆ ಸರಿಯಾಗಿ. ಒಂದೇ ಮಗುವಿನಲ್ಲಿ ಮೂರೂ ಇರಬಹುದು. ಮನೆಯಲ್ಲಿ ಕಲಿಸುವುದರ ದೊಡ್ಡ ಅನುಕೂಲವೇ ಇದು. ಪ್ರತಿ ವಿಷಯಕ್ಕೂ ಬೇರೆ ಬೇರೆ ಮೆಟ್ಟಿಲಿಂದ ಹತ್ತಿಸಬಹುದು. ಪೂರ್ತಿ ವರ್ಷದ ಪುಸ್ತಕದ ಸೆಟ್ ಮೊದಲೇ ತಂದಿಟ್ಟುಕೊಂಡರೆ ಅರ್ಧ ಕಪಾಟಿನಲ್ಲೇ ಉಳಿಯುತ್ತದೆ. ನಮ್ಮಲ್ಲಿ ಉಳಿದಿದೆ.

ಓದಿನ ವಿಷಯದಲ್ಲಿ ಒಂದು ಹುಷಾರು. ಕೆಲವು ಮಕ್ಕಳು ಯಾರೂ ಹೇಳಿಕೊಡದೆ ಮೂರು, ನಾಲ್ಕು ವರ್ಷಕ್ಕೇ ಬೋರ್ಡು, ಲೇಬಲ್ಲು ಎಲ್ಲ ಓದುತ್ತಾರೆ. ಇದಕ್ಕೆ ಹೈಪರ್‌ಲೆಕ್ಸಿಯಾ ಅನ್ನುತ್ತಾರೆ. ಅಕ್ಷರ ಬಾಯಿಗೆ ಬರುತ್ತದೆ, ಅರ್ಥ ಹಿಂದೆ ಬಿದ್ದಿರುತ್ತದೆ. ಏನು ಓದಿದೆ ಹೇಳು ಅಂದರೆ ಮಗು ಅದೇ ಸಾಲನ್ನು ಇನ್ನೊಮ್ಮೆ ಓದುತ್ತದೆ. ಅದರ ಬದಲು ಚೀಟಿಯಲ್ಲಿ "ಕೆಂಪು ಡಬ್ಬದಲ್ಲಿ ಚಮಚ ಇಡು" ಅಂತ ಬರೆದು ಕೊಡಿ. ಚಮಚ ಎಲ್ಲಿಗೆ ಹೋಯಿತು ಅನ್ನುವುದರಲ್ಲೇ ಉತ್ತರ ಇರುತ್ತದೆ.

ಆಸಕ್ತಿಯ ಮಾತು ಬಿಟ್ಟರೆ ಈ ವಿಷಯ ಪೂರ್ತಿ ಆಗುವುದಿಲ್ಲ. ಸಂಶೋಧಕಿ ಡೈನಾ ಮರ್ರೆ ಮತ್ತು ಸಂಗಡಿಗರು 2005ರಲ್ಲಿ ಬರೆದಂತೆ, ಆಟಿಸಂ ಇರುವವರ ಗಮನ ಹರಡಿಕೊಳ್ಳುವುದಕ್ಕಿಂತ ಒಂದೆರಡು ಕಡೆ ಆಳವಾಗಿ ಇಳಿಯುತ್ತದೆ. ಅದನ್ನು ಅಲ್ಲಿಂದ ಕಿತ್ತು ತರೋದು ಕಷ್ಟ. ನಾವೇ ಅಲ್ಲಿಗೆ ಹೋಗೋದು ಸುಲಭ. ನಮ್ಮ ದೊಡ್ಡವನಿಗೆ ಲಿಫ್ಟ್ ಅಂದರೆ ಪ್ರಾಣ. ಮೊದಲು ಈ ಹುಚ್ಚು ಬಿಡಿಸೋಕೆ ನೋಡಿದೆ. ಆಮೇಲೆ ಒಂದು ಉದ್ದದ ರಟ್ಟಿನ ಮೇಲೆ ಲಿಫ್ಟಿನ ಗುಂಡಿಗಳನ್ನು ಬರೆದು ಗೋಡೆಗೆ ಹಚ್ಚಿದೆ. ನೆಲಮಹಡಿ 0, ಮೇಲೆ 1, 2, 3. ಕೆಳಗೆ ಕಾರು ನಿಲ್ಲಿಸುವ ಜಾಗ -1, -2. "ಮೂರನೇ ಮಹಡಿಯಿಂದ ಐದು ಮಹಡಿ ಇಳಿದರೆ ಎಲ್ಲಿರ್ತೀಯ?" ಅಂತ ಕೇಳಿದೆ. ಬೆರಳು ಕೆಳಗೆ ಜಾರಿಸಿಕೊಂಡು ಬಂದು, "ಮೈನಸ್ ಎರಡು. ಅಲ್ಲಿ ಕತ್ತಲೆ" ಅಂದ. ಆರು ವರ್ಷಕ್ಕೆ ಋಣಸಂಖ್ಯೆ ಹೇಳಿಕೊಡುವ ಯೋಚನೆ ನನಗೇನೂ ಇರಲಿಲ್ಲ.

ಕೋಣೆ ಮತ್ತು ದಿನ

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮನಶ್ಶಾಸ್ತ್ರಜ್ಞ ಎರಿಕ್ ಶಾಪ್ಲರ್ ಮತ್ತು ಜೊತೆಯವರು ಆಟಿಸಂ ಇರುವವರಿಗೆ ಕಲಿಸೋಕೆ ಕಟ್ಟಿದ ಟೀಚ್ ಅನ್ನುವ ಕಾರ್ಯಕ್ರಮ 1972ರಲ್ಲಿ ಆ ರಾಜ್ಯದುದ್ದಕ್ಕೂ ಶುರುವಾಯಿತು. ಅದರ ತಿರುಳು ಬಹಳ ಸರಳ. ಕೆಲಸಕ್ಕೆ ಕೂತ ಮಗುವಿಗೆ ನಾಲ್ಕು ಪ್ರಶ್ನೆಗೆ ಕಣ್ಣಿಗೇ ಉತ್ತರ ಸಿಗಬೇಕು. ಏನು ಮಾಡಬೇಕು? ಎಷ್ಟು? ಮುಗಿಯಿತು ಅಂತ ಹೇಗೆ ಗೊತ್ತಾಗುತ್ತೆ? ಆಮೇಲೆ ಏನು? ಬಾಯಲ್ಲಿ ಹೇಳಿದ ಮಾತು ಗಾಳಿಗೆ ಹೋಗುತ್ತದೆ, ಎದುರಿಗೆ ಇಟ್ಟದ್ದು ಅಲ್ಲೇ ಇರುತ್ತದೆ.

ಮನೆಯಲ್ಲಿ ಇದಕ್ಕೆ ಬೇಕಾಗುವುದು ಮೂರು ಟ್ರೇ, ಒಂದು ಖಾಲಿ ಡಬ್ಬ. ಎಡಗಡೆ ಟ್ರೇಗಳಲ್ಲಿ ಇವತ್ತಿನ ಮೂರು ಕೆಲಸ. ಒಂದರಲ್ಲಿ ಜೋಡಿಸಬೇಕಾದ ಆರು ಚಿತ್ರ, ಒಂದರಲ್ಲಿ ಎಣಿಸುವ ಮಣಿ, ಒಂದರಲ್ಲಿ ಬರೆಯುವ ಹಾಳೆ. ಮುಗಿದದ್ದು ಬಲಗಡೆ ಡಬ್ಬಕ್ಕೆ. ಎಡಗಡೆ ಖಾಲಿಯಾದರೆ ಕೆಲಸ ಮುಗಿಯಿತು. ನೀವು "ಇನ್ನೊಂದೇ ಒಂದು ಹಾಳೆ" ಅಂತ ಸೇರಿಸಿದಿರೋ, ಕೆಟ್ಟಿತು. ಡಬ್ಬದ ಮೇಲಿನ ನಂಬಿಕೆ ಹೋಗುತ್ತದೆ, ಮರುದಿನ ಮಗು ಕೂರುವುದೇ ಇಲ್ಲ. ಚೆನ್ನಾಗಿ ಮಾಡಿದ್ದಾನೆ ಅನ್ನುವ ಉಮೇದಿನಲ್ಲಿ ಈ ತಪ್ಪನ್ನು ನಾನು ಕಡಿಮೆಯೆಂದರೆ ನಾಲ್ಕು ಸಲ ಮಾಡಿದ್ದೇನೆ.

ಕೂರುವ ಕಡೆ ಗೋಡೆ ಖಾಲಿ ಇರಲಿ. ಬಣ್ಣಬಣ್ಣದ ಚಾರ್ಟ್ ನಮಗೆ ಚಂದ, ಮಗುವಿನ ಕಣ್ಣಿಗೆ ಗದ್ದಲ. ಮಿಣುಕುವ ಟ್ಯೂಬ್‌ಲೈಟ್ ಇದ್ದರೆ ಬದಲಾಯಿಸಿ. ನೆಲದ ಮೇಲೆ, ನಿಂತುಕೊಂಡು, ಹೊಟ್ಟೆಯ ಮೇಲೆ ಮಲಗಿ ಕಲಿತರೂ ಅದು ಕಲಿಕೆಯೇ. ಮತ್ತೆ ಒಂದು ಮೂಲೆ ಬೇಕು. ಹೊದಿಕೆ, ದಿಂಬು, ಕಡಿಮೆ ಬೆಳಕು. ಸಾಕು ಅನ್ನಿಸಿದಾಗ ಮಗು ತಾನೇ ಹೋಗಿ ಕೂರುವ ಜಾಗ. ತಪ್ಪು ಮಾಡಿದಾಗ ಅಲ್ಲಿಗೆ ಅಟ್ಟಬೇಡಿ. ಒಮ್ಮೆ ಅಟ್ಟಿದರೂ ಅದು ಜೈಲಾಗುತ್ತದೆ.

ದಿನದ ವಿಷಯಕ್ಕೆ ಬಂದರೆ, ಗಡಿಯಾರಕ್ಕಿಂತ ಸರದಿ ಮುಖ್ಯ. ಹತ್ತಕ್ಕೆ ಲೆಕ್ಕ ಅಂತ ಬರೆದರೆ ಹತ್ತೂ ಐದಕ್ಕೆ ನೀವೂ ಸೋತಿರಿ, ಅವನೂ ಕಂಗಾಲು. ತಿಂಡಿ ಆದ ಮೇಲೆ ಡಬ್ಬ ತಳ್ಳುವುದು, ಆಮೇಲೆ ಟ್ರೇ, ಆಮೇಲೆ ಹೊರಗೆ. ಹೀಗೆ ಚಿತ್ರಗಳನ್ನು ಒಂದರ ಕೆಳಗೆ ಒಂದು ಅಂಟಿಸಿ. ತೀರಾ ಚಿಕ್ಕ ಮಗುವಿಗೆ ಎರಡೇ ಚಿತ್ರ ಸಾಕು: ಮೊದಲು ಇದು, ಆಮೇಲೆ ಅದು. ನಿಮ್ಮ ಮನೆಯ ವಸ್ತುಗಳದ್ದೇ ಫೋಟೊ ಆದರೆ ಇನ್ನೂ ಒಳ್ಳೆಯದು. ಬದಲಾವಣೆಗೂ ಒಂದು ಕಾರ್ಡ್ ಮಾಡಿಡಿ. ನಮ್ಮದರ ಮೇಲೆ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಇದೆ. ಮೊದಲ ಕೆಲವು ಸಲ ಅದನ್ನು ಖುಷಿಯ ಬದಲಾವಣೆಗೇ ಬಳಸಿ, ಬರೆಯುವ ಹಾಳೆಯ ಬದಲು ಗುಳ್ಳೆ ಊದುವ ಆಟ. ಕಾರ್ಡಿನ ಹೆದರಿಕೆ ಹೋದ ಮೇಲೆ ದಂತವೈದ್ಯರ ಸರದಿ.

ಎಷ್ಟು ಗಂಟೆ ಕಲಿಸಬೇಕು ಅಂತ ಕೇಳಿದರೆ, ಈ ವಯಸ್ಸಿಗೆ ಹತ್ತು, ಹದಿನೈದು ನಿಮಿಷದ ತುಂಡುಗಳು, ಎಲ್ಲ ಕೂಡಿ ದಿನಕ್ಕೆ ಒಂದು ಗಂಟೆಯೇ ಧಾರಾಳ ಅನ್ನುತ್ತೇನೆ. ತರಗತಿಯಲ್ಲಿ ಮೂವತ್ತು ಮಕ್ಕಳನ್ನು ಸುಮ್ಮನಿರಿಸೋಕೆ ಹೋಗುವ ಹೊತ್ತು ಮನೆಯಲ್ಲಿ ಉಳಿಯುತ್ತದೆ. ಉಳಿದ ದಿನವೂ ಕಲಿಕೆಯೇ. ಅಂಗಿ ಗುಂಡಿ ಹಾಕುವುದು, ನೀರು ಬಗ್ಗಿಸುವುದು, ಸಾಕು ಅನ್ನೋಕೆ ಬರುವುದು.

ಮಾತು

ಒಂದು ದಿನ ತಲೆ ಕೆಟ್ಟು, "ನನ್ನ ತಲೆ ತಿನ್ನಬೇಡ ಮಾರಾಯ" ಅಂದೆ. ಅವನು ಗಂಭೀರವಾಗಿ, "ನಾನು ತಿಂದಿಲ್ಲ" ಅಂದ. ಹೇಳಿದ್ದನ್ನು ಹೇಳಿದ ಹಾಗೇ ತೆಗೆದುಕೊಳ್ಳುವ ಮಗುವಿನ ಮುಂದೆ ನಮ್ಮ ಮಾತು ಎಷ್ಟು ಬಳಸುದಾರಿ ಹಿಡಿಯುತ್ತದೆ ಅಂತ ಆಗ ಗೊತ್ತಾಗುತ್ತದೆ. "ಸರಿಯಾಗಿ ಕೂತ್ಕೊ" ಅಂದರೆ ಏನು ಸರಿ? "ಪುಸ್ತಕ ಮೇಜಿನ ಮೇಲೆ ಇಡು" ಅನ್ನಿ, ಆಗುತ್ತದೆ. ಒಂದು ಸಲಕ್ಕೆ ಒಂದೇ ಮಾತು. ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಕೇಳಿದ್ದು ಒಳಗಿಳಿಯೋಕೆ ಅಷ್ಟು ಹೊತ್ತು ಬೇಕಾಗಬಹುದು. ನಡುವೆ ಅದನ್ನೇ ಬೇರೆ ಪದದಲ್ಲಿ ಹೇಳಿದರೆ ಪಾಪ, ಮಗು ಮತ್ತೆ ಮೊದಲಿಂದ ಶುರು ಮಾಡಬೇಕು.

ಕೇಳಿದ್ದನ್ನೇ ತಿರುಗಿ ಹೇಳುವ ಮಕ್ಕಳಿದ್ದಾರೆ. ಇದಕ್ಕೆ ಎಕೋಲಾಲಿಯಾ ಅನ್ನುತ್ತಾರೆ. ಅದು ಸುಮ್ನೆ ಗಿಳಿಪಾಠ ಅಂತ ತಳ್ಳಿಹಾಕಬೇಡಿ. "ನೀರು ಬೇಕಾ?" ಅಂತ ಮಗು ನಿಮ್ಮನ್ನು ಕೇಳಿದರೆ, ಬಹುಶಃ ತನಗೆ ನೀರು ಬೇಕು ಅನ್ನುತ್ತಿದೆ. ನೀರು ಸಿಕ್ಕಾಗಲೆಲ್ಲ ಅದಕ್ಕೆ ಕೇಳಿಸಿದ ಮಾತು ಅದೇ ತಾನೆ. ಆಗ ಪ್ರಶ್ನೆ ಬಿಟ್ಟು ಮಗುವಿನ ಬಾಯಿಂದ ಬರಬೇಕಾದ ಮಾತನ್ನೇ ನೀವು ಹೇಳಿ: "ನಂಗೆ ನೀರು ಬೇಕು." ಮಾತೇ ಬಾರದ ಮಗುವಿಗೆ ಚಿತ್ರದ ಕಾರ್ಡ್ ಅಥವಾ ಮಾತಾಡುವ ಟ್ಯಾಬ್ಲೆಟ್ ಕೊಡೋಕೆ ಹೆದರಬೇಡಿ. ಚಿತ್ರ ಕೊಟ್ಟು ಬೇಕಾದ್ದನ್ನು ಪಡೆಯುವ ಕ್ರಮವನ್ನು ಮನಶ್ಶಾಸ್ತ್ರಜ್ಞ ಆಂಡಿ ಬಾಂಡಿ ಮತ್ತು ಮಾತು ಕಲಿಸುವ ತಜ್ಞೆ ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದರು. ಇಂಥವುಗಳಿಂದ ಬರುವ ಮಾತು ನಿಂತುಹೋಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಹಾಗೇ ಮನೆಯಲ್ಲಿ ಎರಡು ಭಾಷೆ ಇದ್ದರೆ ಒಂದನ್ನು ಬಿಡಬೇಕಾಗಿಯೂ ಇಲ್ಲ. ಅಜ್ಜಿಯ ಜೊತೆ ಆಡುವ ಮಾತನ್ನು ಮಗುವಿನಿಂದ ಕಿತ್ತುಕೊಂಡು ಏನು ಸಾಧಿಸೋದಿದೆ?

ಕೈ ಬಡಿಯುವುದು, ತೂಗುವುದು ಯಾರಿಗೂ ನೋವು ಮಾಡದಿದ್ದರೆ ಅದರ ಪಾಡಿಗೆ ಬಿಡಿ. ಕಣ್ಣಲ್ಲಿ ಕಣ್ಣಿಡು ಅಂತ ಒತ್ತಾಯ ಬೇಡ. ಕೆಲವರಿಗೆ ಕಣ್ಣು ತಪ್ಪಿಸಿದರೇ ಕಿವಿ ಚೆನ್ನಾಗಿ ಕೇಳುತ್ತದೆ.

ಚಿಕ್ಕವಳ ಪಾಲು

ಇಷ್ಟೆಲ್ಲ ತಯಾರಿಯಲ್ಲಿ ಚಿಕ್ಕವಳು ಎಲ್ಲಿದ್ದಾಳೆ? ನಾನು ಈ ಪ್ರಶ್ನೆ ಕೇಳಿಕೊಂಡದ್ದು ತಡವಾಗಿ. ಒಂದು ಸಂಜೆ ಅವಳು ಅಣ್ಣನ ಹೆಡ್‌ಫೋನ್ ಹಾಕಿಕೊಂಡು ಮೇಜಿನ ಕೆಳಗೆ ಹೋಗಿ ಕೂತಿದ್ದಳು. ಯಾಕೆ ಅಂದರೆ, "ಇಲ್ಲಿಗಾದ್ರೆ ನೀನು ಬರ್ತೀಯ" ಅಂದಳು.

ಅವಳಿಗೆ ಹಾಡು ಬೇಕು, ಹರಟೆ ಬೇಕು, ಗದ್ದಲ ಬೇಕು. ಅದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಅವಳದ್ದೇ, ಬಾಗಿಲು ಹಾಕಿಕೊಂಡು. ಆಗ ಅವನ ಜೊತೆ ಇನ್ನೊಬ್ಬ ದೊಡ್ಡವರು ಇರಬೇಕು, ಇಲ್ಲವೇ ಅವನು ಒಬ್ಬನೇ ಮಾಡುವ ಟ್ರೇ ಕೆಲಸ ಇರಬೇಕು. ಗಂಟೆ ಈಗ ಆ ಕೋಣೆಯಲ್ಲಿದೆ. ಅವಳಿಗೂ ಚಿತ್ರದ ಪಟ್ಟಿ ಮಾಡಿಕೊಟ್ಟೆವು, ಅವಳಿಗೆ ಬೇಕೇಬೇಕು ಅಂತಲ್ಲ, ಪಟ್ಟಿ ಅಣ್ಣನ ಕಾಯಿಲೆಯ ಗುರುತು ಅಂತ ಆಗಬಾರದು ಅಂತ. ಅವನು ಸಾಲಾಗಿ ಜೋಡಿಸಿದ ಕಾರುಗಳನ್ನು ಅವಳು ಕೆದರಿದರೆ ಯುದ್ಧ. ನೆಲಕ್ಕೆ ಟೇಪ್ ಅಂಟಿಸಿ ಗೆರೆ ಹಾಕಿದ್ದೇವೆ, ಗೆರೆಯಾಚೆ ಅವನ ರಾಜ್ಯ. ಅವಳಿಗೂ ಅಷ್ಟೇ ಜಾಗದ ಒಂದು ರಾಜ್ಯ. ಅವಳನ್ನು ಪುಟ್ಟ ಟೀಚರ್ ಮಾಡುವ ಆಸೆ ಬರುತ್ತದೆ, ಬಹಳ ಚೆನ್ನಾಗಿಯೂ ಮಾಡುತ್ತಾಳೆ. ಬೇಡ. ಅವಳು ತಂಗಿ.

ಒಬ್ಬರಿಗೆ ಆಟಿಸಂ ಇದ್ದರೆ ಬೆನ್ನಿಗೆ ಹುಟ್ಟಿದವರಲ್ಲೂ ಅದು ಕಾಣುವ ಸಾಧ್ಯತೆ ಹೆಚ್ಚು, ಸರಿಸುಮಾರು ಐದರಲ್ಲಿ ಒಬ್ಬರಿಗೆ. ಅವಳ ಹೆಸರಿನಲ್ಲೂ ನೋಟ್‌ಬುಕ್ಕಿನಲ್ಲಿ ನಾಲ್ಕು ಹಾಳೆ ಇಡಿ. ಹೆದರೋಕಲ್ಲ, ಗೊತ್ತಿರಲಿ ಅಂತ.

ಕೆಟ್ಟ ದಿನಕ್ಕೂ ತಯಾರಿ

ಹಠ ಬೇರೆ, ಎಲ್ಲ ಮಿತಿಮೀರಿ ಮಗು ಕುಸಿದುಹೋಗುವ ಮೆಲ್ಟ್‌ಡೌನ್ ಬೇರೆ. ಹಠ ಮಾಡುವ ಮಗು ನೀವು ನೋಡುತ್ತಿದ್ದೀರಾ ಅಂತ ಓರೆಗಣ್ಣಲ್ಲಿ ನೋಡುತ್ತದೆ, ಕೇಳಿದ್ದು ಸಿಕ್ಕರೆ ನಿಲ್ಲಿಸುತ್ತದೆ. ಮೆಲ್ಟ್‌ಡೌನ್‌ನಲ್ಲಿ ಕೇಳಿದ್ದು ಕೊಟ್ಟರೂ ನಿಲ್ಲುವುದಿಲ್ಲ, ಮಗುವಿನ ಕೈಯಲ್ಲೂ ಅದು ಇರುವುದಿಲ್ಲ. ಆಗ ಮಾತು ಕಡಿಮೆ, ಬೆಳಕು ಕಡಿಮೆ, ಚೂಪು ವಸ್ತು ದೂರ, ಚಿಕ್ಕವಳು ಬೇರೆ ಕೋಣೆಗೆ. ಬುದ್ಧಿವಾದ ಆಗಲೂ ಬೇಡ, ಆದ ತಕ್ಷಣವೂ ಬೇಡ. ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು.

ಬಾಗಿಲಿನ ವಿಷಯ ಮಾತ್ರ ಮೊದಲ ದಿನವೇ ನೋಡಿ. ಆಟಿಸಂ ಇರುವ ಎಷ್ಟೋ ಮಕ್ಕಳು ಯಾರಿಗೂ ಹೇಳದೆ ಹೊರಟುಬಿಡುತ್ತಾರೆ, ಅದರಲ್ಲೂ ನೀರಿನ ಕಡೆಗೆ. ಮೇಲಿನ ಚಿಲಕ, ಬಾಗಿಲು ತೆರೆದರೆ ಸದ್ದು ಮಾಡುವ ಅಲಾರಂ, ಬಟ್ಟೆಯ ಒಳಗೆ ನಿಮ್ಮ ಫೋನ್ ನಂಬರ್. ಆದಷ್ಟು ಬೇಗ ಈಜು ಕಲಿಸಿ. ಅಕ್ಷರಕ್ಕಿಂತ ಮೊದಲು ಇದು ಅಂತಲೇ ನಾನು ಹೇಳೋದು.

ಸ್ಪೀಚ್ ಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮಾಡಿಕೊಳ್ಳೋಕೆ ಕಲಿಸುವವರು) ಹೇಳಿದ್ದನ್ನೆಲ್ಲ ಮನೆಯಲ್ಲಿ ಮಾಡೋಕೆ ಹೋದರೆ ಮನೆ ಕ್ಲಿನಿಕ್ ಆಗುತ್ತದೆ. ಒಂದು ಸಲಕ್ಕೆ ಒಂದೇ ಗುರಿ ಕೇಳಿಕೊಂಡು ಬನ್ನಿ. ಆಟಿಸಂ ವಾಸಿ ಮಾಡುತ್ತೇವೆ ಅಂತ ಬ್ಲೀಚಿನಂಥ ದ್ರಾವಣವನ್ನೋ, ದೇಹದಿಂದ ಲೋಹ ತೆಗೆಯುವ ಮದ್ದನ್ನೋ ಮಾರುವವರಿದ್ದಾರೆ. ಅವರ ಹತ್ತಿರ ಸುಳಿಯಬೇಡಿ, ಮಕ್ಕಳ ಜೀವಕ್ಕೇ ಅಪಾಯ.

ಬೇರೆ ಮಕ್ಕಳ ಜೊತೆ ಬೆರೆಯೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಬರೆದ ಮಾತು ನನಗೆ ಇಲ್ಲಿ ಕೈಹಿಡಿಯಿತು. ಅರ್ಥವಾಗದಿರುವುದು ಒಂದೇ ಕಡೆಯ ತೊಂದರೆ ಅಲ್ಲ, ಅವರಿಗೆ ನಾವು ಎಷ್ಟು ಒಗಟೋ ನಮಗೆ ಅವರೂ ಅಷ್ಟೇ ಒಗಟು. ಹಾಗಾಗಿ ಹುಟ್ಟುಹಬ್ಬದ ಗುಂಪಿಗೆ ನೂಕುವ ಬದಲು ಒಂದೇ ಒಂದು ಮಗು, ಇಬ್ಬರಿಗೂ ಇಷ್ಟವಾದ ಒಂದು ಕೆಲಸ, ಯಾವಾಗ ಮುಗಿಯುತ್ತೆ ಅಂತ ತೋರಿಸುವ ಟೈಮರ್. ಅರ್ಧ ಗಂಟೆ ಬೇಕಾದಷ್ಟಾಯಿತು.

ನಿಮ್ಮದೂ ಒಂದು ಬಿಡುವು ವಾರದ ಪಟ್ಟಿಯಲ್ಲಿರಲಿ, ಅದಕ್ಕೂ ಒಂದು ಚಿತ್ರ ಅಂಟಿಸಿ. ಇದು ಜನ್ಮಕ್ಕಂಟಿದ ವ್ರತವೇನೂ ಅಲ್ಲ. ಆರು ತಿಂಗಳಿಗೊಮ್ಮೆ ಕೂತು, ಯಾರಿಗೆ ಹೇಗಾಗುತ್ತಿದೆ ಅಂತ ಮಾತಾಡಿ. ಒಬ್ಬರು ಶಾಲೆಗೆ ಹೋಗಿ ಒಬ್ಬರು ಮನೆಯಲ್ಲಿ ಕಲಿಯುವುದೂ ಆಗುವ ಮಾತೇ.

ಆ ಮಾತಿಗೆ ಕೂರುವಾಗ ಕೈಯಲ್ಲಿ ಏನಾದರೂ ಇರಬೇಕಲ್ಲ. ಅಂಕದ ಪಟ್ಟಿ ನಮ್ಮಲ್ಲಿಲ್ಲ. ದಿನಕ್ಕೆ ಒಂದೆರಡು ಸಾಲು ಬರೆಯುತ್ತೇನೆ, ಕೆಲವೊಮ್ಮೆ ಒಂದು ಫೋಟೊ. ನಿನ್ನೆಯದು ಹೀಗಿದೆ: ಟ್ರೇ ಎರಡು ಮುಗಿದವು, ಮೂರನೆಯದು ಬೇಡ ಅಂತ ಕಾರ್ಡ್ ತೋರಿಸಿದ, ಕಿರುಚಲಿಲ್ಲ. ಚಿಕ್ಕವಳು ಲಿಫ್ಟ್ ರಟ್ಟಿನಲ್ಲಿ 3 ಹುಡುಕಿದಳು, ತೋರಿಸಿದ್ದು ಅವನು. ನಾನು ಹೇಳಿಕೊಟ್ಟಿರಲಿಲ್ಲ.